ಖ್ಮೇರರ ಊರಿನಲ್ಲೊಂದು ಮಳೆಗಾಲ

ವಾಚಕರಲ್ಲಿ ಕೆಲವರು ನಮಗೆ ಕಾಗದ ಬರೆದು, “ತಾವು ಕೆಲಸದಿಂದ ನಿವೃತ್ತರಾದ ಮೇಲೆ ಕಾಂಬೋಡಿಯ ದೇಶಕ್ಕೆ ಹೋಗಿ ನಾಲ್ಕು ತಿಂಗಳು ಇದ್ದು ಬಂದಿರೆಂದು ಕೇಳಿದ್ದೇವೆ. ಉಪ್ಪಿನಕಾಯಿಯಿಂದ ಉಪನಯನದವರೆಗೆ ಸಕಲ ವಿಷಯಗಳನ್ನೂ ಈ ಪುಟಗಳಲ್ಲಿ ಬರೆಯುವ ತಾವು ಅದೊಂದನ್ನು ಮಾತ್ರ ಬಿಟ್ಟಿರುವುದೇಕೆ?” ಎಂದು ಕೇಳಿರುವರು. ಪ್ರಶ್ನೆ ನ್ಯಾಯವಾದುದು. ಉತ್ತರವನ್ನು ಮರೆಮಾಚದೆ ಹೇಳಿಬಿಡುವೆವು. ಆ ನಾಲ್ಕು ತಿಂಗಳುಗಳಲ್ಲಿ ಮೊದಲಿನ ಎರಡು ತಿಂಗಳು ನಾವು ನಡೆದುಕೊಂಡ ರೀತಿ ನಮಗೆ ಶೋಭೆ ತರುವಂಥದಲ್ಲ. ತನ್ನ ತಪ್ಪನ್ನು ತಾನೇ ಅಚ್ಚುಹಾಕಿಸುವುದಕ್ಕೆ ಯಾರಿಗೆ ತಾನೇ ಮನಸ್ಸು ಬರುತ್ತದೆ? ಆದರೆ ಈ ತಿಂಗಳು ಮಹಾಲಯ ಪಕ್ಷ ಬಂದಿದೆ. ಅದು ಬಂದರೆ ಆ ಊರು ನಮಗೆ ನೆನಪಾಗದೆ ಇರದು. ಆದಕಾರಣ ಬರೆಯುತ್ತೇವೆ.

ನಾವು ಹೋದದ್ದು 2024ನೆಯ ಇಸವಿ ಜೂನ್ ತಿಂಗಳಿನಲ್ಲಿ. ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪಾಠ ಹೇಳಿದ ಬಾಯಿ ಒಮ್ಮೆಗೇ ಸುಮ್ಮನಿರೆಂದರೆ ಸುಮ್ಮನಿರುವುದಿಲ್ಲ. ಹಳ್ಳಿಯ ಮಕ್ಕಳಿಗೆ ಇಂಗ್ಲಿಷು ಕಲಿಸುವ ಸಲುವಾಗಿ ಹೊರದೇಶದ ಸ್ವಯಂಸೇವಕರನ್ನು ಕಳುಹಿಸಿಕೊಡುವ ಒಂದು ಸಂಸ್ಥೆಯ ಸಂಗತಿ ನಮ್ಮ ಕಿವಿಗೆ ಬಿದ್ದಿತು. ಸಂಬಳವಿಲ್ಲ, ಪ್ರಯಾಣದ ವೆಚ್ಚ ನಮ್ಮದೇ, ವಾಸಕ್ಕೆ ಊರವರದೊಂದು ಮನೆ. ದಿಟವಾಗಿ ನಮ್ಮನ್ನು ಸೆಳೆದದ್ದು ಇಂಗ್ಲಿಷು ಕಲಿಸುವ ಆಸೆಯಲ್ಲ. ಅವರು ತಿಳಿಸಿದ ಊರು ಕಂಪೊಂಗ್ ಥೋಮ್ ಎಂಬ ಪ್ರಾಂತ್ಯದ್ದು. ಅದೇ ಪ್ರಾಂತ್ಯದಲ್ಲಿ, ಈಗ ಸಂಬೋರ್ ಪ್ರೈ ಕುಕ್ ಎಂದು ಕರೆಯುವ ಕಾಡಿನ ನಡುವೆ, ಏಳನೆಯ ಶತಮಾನದ ಈಶಾನಪುರವಿದೆ. ಈಶಾನವರ್ಮನೆಂಬ ಅರಸನ ರಾಜಧಾನಿಯದು. ಎಂಟು ಮುಖದ ಇಟ್ಟಿಗೆಯ ಗುಡಿಗಳು, ಸಂಸ್ಕೃತದ ಶಾಸನಗಳು! 2017ರಲ್ಲಿ ಯುನೆಸ್ಕೋದವರು ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಸಂಸ್ಕೃತ ಓದಿದವನಿಗೆ ಇದಕ್ಕಿಂತ ಬೇರೆ ಆಮಿಷ ಬೇಕೆ? ನಮ್ಮ ಮನೆಯಾಕೆ ಮಾತ್ರ ಒಂದೇ ಪ್ರಶ್ನೆ ಕೇಳಿದಳು: “ಅಲ್ಲಿ ಊಟಕ್ಕೇನು ಮಾಡುವಿರಿ?” ಉತ್ತರ ನಮಗೂ ತಿಳಿದಿರಲಿಲ್ಲ. ಸಾರಿನ ಪುಡಿ, ಚಟ್ನಿಪುಡಿ, ಹುರಿಹಿಟ್ಟು ಇವುಗಳನ್ನು ಕಟ್ಟಿಕೊಟ್ಟಳು.

ಮನೆಯು ಕಂಬಗಳ ಮೇಲೆ ನಿಂತ ಮರದ ಮನೆ. ರಾತ್ರಿ ಮಲಗುವುದು ಮೇಲೆ. ಹಗಲಿನ ಸಂಸಾರವೆಲ್ಲ ಕೆಳಗೆ, ಕಂಬಗಳ ನಡುವಣ ನೆರಳಿನಲ್ಲಿ. ಅಲ್ಲಿ ಬಿದಿರಿನ ಮಂಚ, ಕಂಬದಿಂದ ಕಂಬಕ್ಕೆ ತೂಗುಹಾಕಿದ ಜೋಲಿ, ಮೋಟಾರು ಬೈಸಿಕಲ್ಲು, ಕೋಳಿಗಳು, ಅಕ್ಕಿಯ ಮೂಟೆ. ಸೂರಿನ ನೀರು ಬೀಳುವಲ್ಲಿ ಎದೆಯೆತ್ತರದ ಗುಡಾಣಗಳು ಸಾಲಾಗಿ ನಿಂತಿರುವುವು. ಮಳೆಗಾಲದಲ್ಲಿ ಅವು ತುಂಬಿದುವೆಂದರೆ ಕುಡಿಯುವುದಕ್ಕೂ ಮೀಯುವುದಕ್ಕೂ ಅದೇ ನೀರು. ಸೊಂಟಕ್ಕೆ ‘ಕ್ರಮಾ’ ಎಂಬ ಚೌಕಳಿ ವಸ್ತ್ರ ಸುತ್ತಿಕೊಂಡು ಗುಡಾಣದ ಪಕ್ಕದಲ್ಲಿ ನಿಂತು ನೀರು ಹೊಯ್ದುಕೊಳ್ಳುವುದೇ ಸ್ನಾನ. ಈ ಕ್ರಮಾ ಎಂಬುದು ನಮ್ಮ ಅಂಗವಸ್ತ್ರಕ್ಕೆ ಅಣ್ಣ: ಬಿಸಿಲಿಗೆ ರುಮಾಲು, ಮಗುವಿಗೆ ತೊಟ್ಟಿಲು, ಸಂತೆಗೆ ಚೀಲ, ಬೆವರಿಗೆ ಚೌಕ.

ಮನೆಯ ಯಜಮಾನಿ ಎಪ್ಪತ್ತರ ಹತ್ತಿರದ ವೃದ್ಧೆ. ಅಜ್ಜಿಗೆ ಅವರ ಭಾಷೆಯಲ್ಲಿ ‘ಯೇಯ್’ ಎನ್ನುವರು. ಊರೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದಿತು, ನಾವೂ ಕರೆದೆವು. ಮಗಳೂ ಅಳಿಯನೂ ನೋಮ್ ಪೆನ್ ನಗರದ ಬಟ್ಟೆಯ ಕಾರ್ಖಾನೆಯಲ್ಲಿ ದುಡಿಯುವರು. ಹನ್ನೆರಡು ವರ್ಷದ ಮೊಮ್ಮಗಳು ಅಜ್ಜಿಯ ಬಳಿ. ನಮ್ಮಿಬ್ಬರಿಗೂ ಆ ಹುಡುಗಿಯೇ ದುಭಾಷಿ. ಮೊದಲನೆಯ ದಿನ ಯೇಯ್ ನಮ್ಮ ಮುಖವನ್ನು ಬಹಳ ಹೊತ್ತು ನೋಡಿದರು. ಕನ್ನಡಕಕ್ಕೆ ದಾರಿಯ ಧೂಳು ಮೆತ್ತಿರಬಹುದೆಂದು ನಾವು ಅದನ್ನು ತೆಗೆದು ಒರಸಿಕೊಂಡೆವು. ಅವರು ಏನೂ ಹೇಳದೆ ಒಳಗೆ ಹೋದರು.

ಆ ನಾಡಿನಲ್ಲಿ ಕುಶಲಪ್ರಶ್ನೆಯೆಂದರೆ ‘ಅನ್ನ ಉಂಡಿರಾ?’ ಎಂಬುದು. ನಮ್ಮ ‘ಊಟವಾಯಿತೇ?’ ಅಲ್ಲಿಯೂ ಇದೆಯಲ್ಲಾ ಎಂದು ಹಿಗ್ಗಿದೆವು. ಆದರೆ ಉಣ್ಣುವುದೇ ಕಷ್ಟವಾಯಿತು. ಮೀನನ್ನು ಉಪ್ಪಿನಲ್ಲಿ ಹಾಕಿ ಹುಳಿಯಬಿಟ್ಟು ಮಾಡುವ ‘ಪ್ರಹೊಕ್’ ಎಂಬ ಪದಾರ್ಥವಿಲ್ಲದೆ ಅವರಿಗೆ ಅಡುಗೆಯಿಲ್ಲ. ನಮಗೆ ಒಗ್ಗರಣೆಯಿದ್ದ ಹಾಗೆ. ಶಾಕಾಹಾರಕ್ಕೆ ಅವರ ಮಾತಿನಲ್ಲಿ, ಸಂನ್ಯಾಸ ಸ್ವೀಕಾರಕ್ಕೆ ಯಾವ ಶಬ್ದವೋ ಅದೇ ಶಬ್ದ. ಇತ್ತ ನಿಜವಾದ ಸಂನ್ಯಾಸಿಗಳಾದ ಭಿಕ್ಷುಗಳು, ಮಧ್ಯಾಹ್ನದ ಮೇಲೆ ಉಣ್ಣುವುದಿಲ್ಲವಾದರೂ, ಭಕ್ತರು ನೀಡಿದ ಮೀನನ್ನು ಬೇಡವೆನ್ನುವುದಿಲ್ಲ. ಮೂವರು ಮಕ್ಕಳ ತಂದೆಯಾದ ನಾವು ಸಂನ್ಯಾಸಿಯ ಊಟ ಕೇಳುವುದು ಊರವರಿಗೆ ದೊಡ್ಡ ವಿನೋದವಾಯಿತು. ಒಂದು ದಿನ ನಮ್ಮ ಸಾರಿನ ಪುಡಿಯಿಂದ ಯೇಯ್ ಅವರಿಗೆ ಸಾರು ಮಾಡಿಕೊಟ್ಟೆವು. ರುಚಿ ನೋಡಿದರು, ತಲೆದೂಗಿದರು, ಆಮೇಲೆ ಏನೋ ಕೊರತೆ ಕಂಡಂತೆ ಎದ್ದುಹೋಗಿ ಒಂದು ಚಮಚ ಪ್ರಹೊಕ್ ತಂದು ಅದರೊಳಗೆ ಕಲಸಿದರು. “ಈಗ ಸರಿಯಾಯಿತು” ಎಂದರು. ನಾವು ಆ ರಾತ್ರಿ ಹುರಿಹಿಟ್ಟಿನಲ್ಲಿ ಕಳೆದೆವು.

ಭಾಷೆಯ ವಿಷಯ ಹೇಳಬೇಕು. ಅಲ್ಲಿ ಶಾಲೆಗೆ ‘ಸಾಲಾ’, ಗುರುವಿಗೆ ‘ಕ್ರೂ’, ವಿದ್ಯಾಲಯಕ್ಕೆ ‘ವಿತ್ಯಾಲೈ’. ಭೂಮಿಯು ‘ಫೂಮ್’ ಆಗಿ ಹಳ್ಳಿಯೆಂಬ ಅರ್ಥ ತಾಳಿದೆ. ಪುಣ್ಯವು ‘ಬೋನ್’ ಆಗಿ ಹಬ್ಬವಾಗಿದೆ. ವಾರಗಳ ಹೆಸರು ಆದಿತ್ಯ, ಚಂದ್ರ, ಅಂಗಾರಕ ಎಂಬ ನಮ್ಮ ಕ್ರಮದಲ್ಲಿಯೇ ಬರುವುವು. ಮಾಸಗಳು ಚೈತ್ರ, ವೈಶಾಖಗಳೇ. ನಮ್ಮಲ್ಲಿಯಂತೆಯೇ ಅಮಾವಾಸ್ಯೆಗೆ ಮುಗಿಯುವುವು. ಅಕ್ಷರಗಳು ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಇಳಿದವು. ಬ್ರಾಹ್ಮಿಯೇ ಮೂಲವಾದ್ದರಿಂದ ಕನ್ನಡ ಲಿಪಿಗೆ ದಾಯಾದಿ. ಒತ್ತಕ್ಷರವನ್ನು ಅಕ್ಷರದ ಕೆಳಗೇ ಬರೆಯುವರು. ಅದಕ್ಕೆ ‘ಪಾದ’ ಎಂಬ ಅರ್ಥದ ಹೆಸರು. ಇಷ್ಟೆಲ್ಲ ಕಂಡ ಮೇಲೆ ಪಂಡಿತನಿಗೆ ತಲೆ ತಿರುಗದಿರುವುದೇ? ಮೊದಲನೆಯ ವಾರದಲ್ಲಿಯೇ ಪುಟ್ಟ ಮಕ್ಕಳು ವರ್ಣಮಾಲೆಯ ಪಟದ ಮುಂದೆ ನಿಂತು ‘ಕಾ, ಖಾ, ಕೋ, ಖೋ, ಙೋ’ ಎಂದು ಓದುತ್ತಿರುವುದನ್ನು ಕೇಳಿ, ಮೂರನೆಯ ಅಕ್ಷರದ ಮೇಲೆ ಬೆರಳಿಟ್ಟು, “ಕೋ ಅಲ್ಲ, ಗ! ಗ ಎನ್ನಿ!” ಎಂದು ತಿದ್ದಿದೆವು. ಮಕ್ಕಳು ಬೆಪ್ಪಾಗಿ ನೋಡಿದುವು. ಒಂದು ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಸಾವಿರದ ನಾನೂರು ವರ್ಷದಿಂದ ತಮ್ಮ ಭಾಷೆಯನ್ನು ಬರೆದುಕೊಂಡು ಬಂದವರಿಗೆ ಅವರ ಅಕ್ಷರವನ್ನು ನಾವು ತಿದ್ದಿದೆವು, ವಾಚಕರೇ!

ಪಾಠ ನಡೆಯುತ್ತಿದ್ದುದು ಸಂಜೆ, ಊರ ಬೌದ್ಧ ದೇವಾಲಯದ ಅಂಗಳದ ಚಾವಡಿಯಲ್ಲಿ. ದೇವಾಲಯಕ್ಕೆ ಅವರು ‘ವತ್’ ಎನ್ನುವರು. ಮೊದಲ ದಿನ ಇಪ್ಪತ್ತು ಮಕ್ಕಳು. ತಿಂಗಳು ಕಳೆಯುವುದರೊಳಗೆ ಐವತ್ತು. ನಮಸ್ಕರಿಸಿದ ಒಬ್ಬ ಹುಡುಗನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದೆವು. ಅವನು ಹಾವು ಮುಟ್ಟಿದಂತೆ ಹಿಂದೆ ಸರಿದನು. ತಲೆಯು ಶರೀರದಲ್ಲಿ ಶ್ರೇಷ್ಠವಾದ ಸ್ಥಾನ, ಅದನ್ನು ಅನ್ಯರು ಮುಟ್ಟಬಾರದೆಂಬುದು ಅವರ ಭಾವನೆಯೆಂದು ಆಮೇಲೆ ತಿಳಿಯಿತು. ಅದು ಸಣ್ಣ ತಪ್ಪು. ಮಕ್ಕಳು ಕ್ಷಮಿಸಿ ‘ಲೋಕ್ ತಾ’ ಎಂದು ಕರೆಯತೊಡಗಿದರು. ‘ತಾ’ ಎಂದರೆ ತಾತ. ನಮ್ಮ ಶಬ್ದದ ಅರ್ಧ, ಮರ್ಯಾದೆ ಮಾತ್ರ ಪೂರ್ತಿ. ಬಣ್ಣಗಳ ಹೆಸರನ್ನೂ ಹಣ್ಣುಗಳ ಹೆಸರನ್ನೂ ಹೇಳಿಕೊಡಲು ಹೋದರೆ ನಾವು ಬಾಯಿ ತೆರೆಯುವುದಕ್ಕೆ ಮುಂಚೆಯೇ ಅವರೆಲ್ಲ ಒಕ್ಕೊರಲಿನಿಂದ ಹೇಳಿ ಮುಗಿಸುತ್ತಿದ್ದರು. ಎಂಥ ಚುರುಕು ಮಕ್ಕಳೆಂದು ಮನೆಗೆ ಕಾಗದ ಬರೆದೆವು. ನಮಗಿಂತ ಮುಂಚೆ ಬಂದಿದ್ದ ಸ್ವಯಂಸೇವಕನೂ, ಅವನಿಗಿಂತ ಮುಂಚಿನವಳೂ ಇದೇ ಬಣ್ಣಗಳನ್ನೂ ಇದೇ ಹಣ್ಣುಗಳನ್ನೂ ಕಲಿಸಿ ಹೋಗಿದ್ದರೆಂಬುದು ಆಗ ನಮಗೆ ತಿಳಿಯದು.

ದಿನವೂ ಚಾವಡಿಯ ಹಿಂಬದಿಯಲ್ಲಿ ಒಬ್ಬ ತರುಣಿ ಬಂದು ಕುಳಿತುಕೊಳ್ಳುತ್ತಿದ್ದರು. ಬರುವಾಗಲೂ ಹೋಗುವಾಗಲೂ ಜೋಡಿಸಿದ ಕೈಗಳನ್ನು ಮೂಗಿನ ಮಟ್ಟಕ್ಕೆ ಎತ್ತಿ ವಂದಿಸುವರು. ಸಮಾನರಿಗೆ ಎದೆಯ ಮಟ್ಟ, ಹಿರಿಯರಿಗೆ ಬಾಯಿಯ ಮಟ್ಟ, ತಾಯಿತಂದೆಗಳಿಗೂ ಗುರುಗಳಿಗೂ ಮೂಗಿನ ಮಟ್ಟ ಎಂದು ಅಲ್ಲಿ ಅಂಜಲಿಗೂ ತಾರತಮ್ಯವಿದೆ. ಅವರು ಊರ ಸರ್ಕಾರಿ ಶಾಲೆಯ ಉಪಾಧ್ಯಾಯಿನಿ. ಮಹಿಳೆಯಾದ ಗುರುವಿಗೆ ‘ನೇಕ್ ಕ್ರೂ’ ಎಂದು ಹೆಸರು. ವಯಸ್ಸಿನಲ್ಲಿ ನಮ್ಮ ಕಿರಿಯ ಮಗಳಿಗಿಂತ ಚಿಕ್ಕವರು. ಆದರೂ ಸಹೋದ್ಯೋಗಿಯೆಂದ ಮೇಲೆ ಬಹುವಚನ ಬಿಡುವುದು ನಮ್ಮಿಂದಾಗದು. ನಮ್ಮ ಬೋಧನಾಕ್ರಮವನ್ನು ನೋಡಿ ಕಲಿಯಲು ಬರುತ್ತಿರುವರೆಂದು ನಾವು ಭಾವಿಸಿದೆವು. ಹಾಗೆ ಭಾವಿಸಿ ಸ್ವಲ್ಪ ಗಟ್ಟಿಯಾಗಿಯೂ ಪಾಠ ಹೇಳಿದೆವು.

ಆಗಸ್ಟ್ ತಿಂಗಳಿನ ಒಂದು ಮಧ್ಯಾಹ್ನ, ಮಳೆ ಹಿಡಿದಿದ್ದಾಗ, ಯೇಯ್ ನಿಂಬೆಹುಲ್ಲು ಹೆಚ್ಚುತ್ತ ಕುಳಿತಿದ್ದರು. ಮೊಮ್ಮಗಳು ಅಜ್ಜಿಯ ಮಾತನ್ನು ಇಂಗ್ಲಿಷಿನಲ್ಲಿ ನಮಗೆ ಹೇಳಿದಳು: “ಲೋಕ್ ಕ್ರೂ ಬಂದದ್ದು ಒಳ್ಳೆಯದಾಯಿತು ಎನ್ನುತ್ತಾರೆ ಅಜ್ಜಿ. ಮೊದಲು ನೇಕ್ ಕ್ರೂ ಅವರ ಮನೆಯ ಕೆಳಗೆ ಇಂಗ್ಲಿಷು ಕಲಿಯುತ್ತಿದ್ದೆವು. ದಿನಕ್ಕೆ ಐನೂರು ರಿಯಲ್ ಕೊಡಬೇಕಾಗಿತ್ತು. ಈಗ ಆ ದುಡ್ಡು ಉಳಿಯಿತು.” ಐನೂರು ರಿಯಲ್ ಎಂದರೆ ನಮ್ಮ ಹತ್ತು ರೂಪಾಯಿಯಷ್ಟು. “ನೇಕ್ ಕ್ರೂ ಈಗ ಏನು ಮಾಡುವರು?” ಎಂದೆವು. ಹುಡುಗಿ ಅಜ್ಜಿಯನ್ನು ಕೇಳಿದಳು. ಅಜ್ಜಿ ಹೆಚ್ಚುವುದನ್ನು ನಿಲ್ಲಿಸದೆಯೇ ಹೇಳಿದರು: “ಮೋಟಾರು ಬೈಸಿಕಲ್ಲಿನ ಕಂತು ಎರಡು ತಿಂಗಳಿಂದ ಕಟ್ಟಿಲ್ಲ.” ಅಜ್ಜಿ ನಮ್ಮನ್ನು ಹೊಗಳಿದರೋ, ಹೇಳಬೇಕಾದುದನ್ನು ಹೊಗಳಿಕೆಯಲ್ಲಿ ಸುತ್ತಿ ಹೇಳಿದರೋ? ನಮ್ಮ ಹಳ್ಳಿಗಳ ಅಜ್ಜಿಯರನ್ನು ಬಲ್ಲವರಿಗೆ ಸಂದೇಹವಿರದು.

ಅಲ್ಲಿಯ ಸರ್ಕಾರಿ ಶಾಲೆಗಳು ಬಹುಮಟ್ಟಿಗೆ ಎರಡು ಪಾಳಿ ನಡೆಯುವುವು. ಬೆಳಿಗ್ಗೆ ಅರ್ಧ ಮಕ್ಕಳು, ಮಧ್ಯಾಹ್ನ ಅರ್ಧ. ಉಳಿದ ಹೊತ್ತಿನಲ್ಲಿ ಉಪಾಧ್ಯಾಯರು ಖಾಸಗಿ ಪಾಠ ಹೇಳಿ ಸಂಸಾರ ತೂಗಿಸುವುದು ಸಾಮಾನ್ಯ. ವಿದೇಶದಿಂದ ಬಿಟ್ಟಿಯಾಗಿ ಬಂದ ಮುದುಕನೊಬ್ಬನು ಅದೇ ಹೊತ್ತಿನಲ್ಲಿ ಅದೇ ಪಾಠವನ್ನು ಬಿಟ್ಟಿಯಾಗಿ ಹೇಳತೊಡಗಿದರೆ ಏನಾಗಬೇಕೋ ಅದೇ ಆಗಿದ್ದಿತು. ಆಕೆ ಹಿಂದೆ ಕುಳಿತು ನೋಡುತ್ತಿದ್ದುದು ನಮ್ಮ ಬೋಧನಾಕ್ರಮವನ್ನಲ್ಲ, ತಮ್ಮ ಶಿಷ್ಯರನ್ನು. ನಾವು ಅಕ್ಟೋಬರಿನಲ್ಲಿ ಹೊರಟುಹೋಗುವವರು. ಆಮೇಲೆ ಆ ಮಕ್ಕಳು ಪುನಃ ಅವರ ಬಳಿಗೆ ಹೋಗುವರೆಂದು ಯಾರು ಹೇಳಬಲ್ಲರು? ಹಾಗೆ ಹೋದರೂ, ಬಿಟ್ಟಿ ದೊರೆತದ್ದಕ್ಕೆ ಹಣ ಕೊಡಲು ತಾಯಂದಿರಿಗೆ ಮನಸ್ಸು ಬರುವುದೇ?

ಆ ರಾತ್ರಿ ನಿದ್ರೆ ಬರಲಿಲ್ಲ. ಬೆಳಿಗ್ಗೆ ಯೇಯ್ ಅವರನ್ನು ಕರೆದುಕೊಂಡು ಆಕೆಯ ಮನೆಗೆ ಹೋದೆವು. ಕ್ಷಮೆ ಕೇಳುವುದಕ್ಕೆ ಅವರ ಭಾಷೆಯಲ್ಲಿ ‘ಸೊಂ ತೋಹ್’ ಎನ್ನುವರು. ಆ ‘ತೋಹ್’ ಎಂಬುದು ನಮ್ಮ ದೋಷವೇ. ನಾವು ಅದನ್ನು ಹೇಳಿದೊಡನೆ ಆಕೆಯ ಮುಖ ಕೆಂಪಾಯಿತು. ತಲೆ ತಗ್ಗಿಸಿ ನಕ್ಕರು. “ಲೋಕ್ ಕ್ರೂ ಏನೂ ತಪ್ಪು ಮಾಡಿಲ್ಲ” ಎಂದರು. ಅರುವತ್ತರ ಗುರುವು ಇಪ್ಪತ್ತಾರರ ಗುರುವಿನ ಮುಂದೆ ತಪ್ಪೊಪ್ಪಿಕೊಳ್ಳುವುದು ಅವರಿಗೆ ನಮಗಿಂತ ಹೆಚ್ಚಿನ ಸಂಕಟ. ಎರಡನೆಯ ತಪ್ಪು ಮಾಡಿದೆವೆಂದು ಹೊಳೆಯಿತು. ಕಾಪಾಡಿದವರು ಯೇಯ್. ಅವರು ಊರಿನಲ್ಲೆಲ್ಲ ಒಂದು ಮಾತು ಹಬ್ಬಿಸಿದರು: ಲೋಕ್ ಕ್ರೂ ಅವರಿಗೆ ಗಂಟಲು ಕಟ್ಟಿದೆ, ವೈದ್ಯರು ಜೋರಾಗಿ ಮಾತನಾಡಬಾರದೆಂದಿರುವರು, ಇನ್ನು ಪಾಠವು ನೇಕ್ ಕ್ರೂ ಅವರ ಮನೆಯಲ್ಲಿ, ಲೋಕ್ ಕ್ರೂ ಪಕ್ಕದಲ್ಲಿ ಕುಳಿತು ಸಹಾಯ ಮಾಡುವರು. ಐನೂರು ರಿಯಲ್ ಪುನಃ ಜಾರಿಗೆ ಬಂದಿತು. ಐವತ್ತು ಮಕ್ಕಳಲ್ಲಿ ಮೂವತ್ತೊಂದು ಮಂದಿ ಬಂದರು. ಬಾರದ ಹತ್ತೊಂಬತ್ತು ಮಂದಿಯ ಲೆಕ್ಕ ನಮ್ಮ ಹೆಸರಿನಲ್ಲಿಯೇ ಉಳಿಯಿತು. ನಿಜವಾಗಿ ಕೊಡಲಾರದ ನಾಲ್ವರನ್ನು ಆಕೆ ಮೊದಲಿನಿಂದಲೂ ಹಣವಿಲ್ಲದೆಯೇ ಸೇರಿಸಿಕೊಂಡಿದ್ದರಂತೆ.

ಸಂಸ್ಥೆಯವರಿಗೆ ಇದನ್ನೆಲ್ಲ ಬರೆದೆವು. ಬಂದ ಉತ್ತರವು ಬಹು ಸೌಜನ್ಯದ್ದು, ಅಷ್ಟೇ. ರಜೆಯಲ್ಲಿ ಮಕ್ಕಳನ್ನು ಇಂಥ ಸೇವೆಗೆ ಕಳುಹಿಸಬೇಕೆಂದಿರುವ ಗೃಹಸ್ಥರು ನಮ್ಮ ವಾಚಕರಲ್ಲಿ ಇರಬಹುದು. ಹೋಗುವವನು ಅಲ್ಲಿ ಯಾರ ಕೆಲಸವನ್ನು ಮಾಡುವನು, ಅವನು ಬರುವುದಕ್ಕೆ ಮೊದಲು ಅದನ್ನು ಮಾಡುತ್ತಿದ್ದವರು ಯಾರು ಎಂದು ಮುಂಚೆಯೇ ಕೇಳಿಕೊಳ್ಳಲಿ. ಅನಾಥಾಲಯಗಳ ಸೇವೆಯೆಂದರೆ ಇನ್ನೂ ಎಚ್ಚರ ಬೇಕು. ಆ ದೇಶದ ಅಂಥ ಆಲಯಗಳಲ್ಲಿರುವ ಮಕ್ಕಳಲ್ಲಿ ಬಹುಪಾಲಿಗೆ ತಾಯಿಯೋ ತಂದೆಯೋ ಬದುಕಿರುವರೆಂದು ಪರಿಶೀಲನೆಯಿಂದ ಗೊತ್ತಾಗಿದೆ.

ಆಮೇಲಿನ ಎರಡು ತಿಂಗಳು ನಮ್ಮ ಜೀವಮಾನದ ಸುಖದ ದಿನಗಳಲ್ಲಿ ಸೇರಿದುವು. ಬಿಡುವಿನ ಹೊತ್ತಿನಲ್ಲಿ ನೇಕ್ ಕ್ರೂ ಅವರೊಡನೆ ಕುಳಿತು ಇಂಗ್ಲಿಷು ವ್ಯಾಕರಣದ ಗಂಟುಗಳನ್ನು ಬಿಡಿಸುವುದು. ಸಂಜೆ ಮಕ್ಕಳ ಪುಸ್ತಕಗಳನ್ನು ತಿದ್ದುವುದು. ನಡುವೆ ಅವರಿಂದ ನಾವು ಖ್ಮೇರ್ ಅಕ್ಷರ ಕಲಿಯುವುದು. ಆ ‘ಕೋ’ ಎಂಬುದರ ಗುಟ್ಟು ಆಗ ತಿಳಿಯಿತು. ಪೂರ್ವಕಾಲದಲ್ಲಿ ಅದು ಗಕಾರವೇ. ಕಾಲಕ್ರಮದಲ್ಲಿ ಅದರ ಘೋಷವು ವ್ಯಂಜನವನ್ನು ಬಿಟ್ಟು ಇಳಿದು ಸ್ವರದೊಳಗೆ ಹೋಗಿ ಅಡಗಿತು. ಆದಕಾರಣ ಕಕಾರದ ಮುಂದೆ ಒಂದು ಸ್ವರ, ಹಳೆಯ ಗಕಾರದ ಮುಂದೆ ಇನ್ನೊಂದು. ಅಕ್ಷರವು ಹೋಗಿಯೂ ಹೋಗಿಲ್ಲ. ಮೂವತ್ತು ವರ್ಷ ವರ್ಣೋತ್ಪತ್ತಿಯನ್ನು ಬೋಧಿಸಿದ ನಮಗೆ ಇದನ್ನು ಆ ಪುಟ್ಟ ಹುಡುಗಿಯ ನಗು ಮೊದಲೇ ಹೇಳಿತ್ತು.

ಸೆಪ್ಟೆಂಬರಿನ ಹುಣ್ಣಿಮೆ ಕಳೆಯಿತು. ಮಾರನೆಯ ದಿನದಿಂದ ಊರಿನ ಅಡುಗೆಮನೆಗಳಲ್ಲಿ ಬಾಳೆಯೆಲೆಯ ವಾಸನೆ. ಅಂಟಕ್ಕಿಯನ್ನು ಬಾಳೆಹಣ್ಣಿನೊಡನೆ ಎಲೆಯಲ್ಲಿ ಸುತ್ತಿ ಬೇಯಿಸುವ ಕಡುಬು ಆ ದಿನಗಳ ವಿಶೇಷ. ಏನು ಹಬ್ಬವೆಂದು ಕೇಳಿದೆವು. “ಪ್ಚುಂ ಬೆಣ್” ಎಂದರು. ಪ್ಚುಂ ಎಂದರೆ ಕೂಡಿಸುವುದು. ಬೆಣ್ ಎಂದರೆ ಪಿಂಡ! ಭಾದ್ರಪದದ ಕೃಷ್ಣಪಕ್ಷ, ಹದಿನೈದು ದಿನ, ಪಿತೃಗಳಿಗೆ ಪಿಂಡ. ನಮ್ಮ ಪಿತೃಪಕ್ಷವು ಬೌದ್ಧರ ಊರಿನಲ್ಲಿ ನಮಗಾಗಿ ಕಾದು ಕುಳಿತಂತಿದ್ದಿತು. ಆ ಪಕ್ಷದಲ್ಲಿ ಯಮನು ಬಾಗಿಲು ತೆರೆದು ಪ್ರೇತಗಳನ್ನು ಬಿಡುವನಂತೆ; ಅವು ಏಳು ವತ್‌ಗಳಲ್ಲಿ ತಮ್ಮವರನ್ನು ಹುಡುಕುವುವಂತೆ; ಪಾಪಿಗಳಾದ ಪ್ರೇತಗಳು ಬೆಳಕನ್ನು ಸಹಿಸಲಾರವಾದ್ದರಿಂದ ಕತ್ತಲಿರುವಾಗಲೇ ಅನ್ನ ಹಾಕಬೇಕಂತೆ.

ಒಂದು ದಿನ ಬೆಳಗಿನ ನಾಲ್ಕು ಗಂಟೆಗೆ ಯೇಯ್ ನಮ್ಮನ್ನೂ ಎಬ್ಬಿಸಿದರು. ವತ್‌ನಲ್ಲಿ ಬರಿಗಾಲಿನ ಜನ, ಮೇಣದ ಬತ್ತಿ, ಊದುಬತ್ತಿ, ಮಳೆಯ ಕೆಸರು. ಎಳ್ಳು ಬೆರೆಸಿದ ಅಂಟಕ್ಕಿಯ ಉಂಡೆಗಳ ತಟ್ಟೆ ಹಿಡಿದು ವಿಹಾರವನ್ನು ಸುತ್ತುತ್ತ, ಒಂದೊಂದು ಉಂಡೆಯನ್ನು ಕತ್ತಲೆಗೆ ಎಸೆಯುವರು. ಮೊದಲು ತಾಯಿತಂದೆಗಳ ಹೆಸರು ಹೇಳಿ ಎಸೆದರು. ಆಮೇಲೆ ಒಂದು ಹೆಸರನ್ನು ಹೇಳಿ ಬಹಳ ಹೊತ್ತು ನಿಂತರು, ಅನಂತರ ಎಸೆದರು. ಮನೆಗೆ ಬಂದು ಬೆಳಕಾದ ಮೇಲೆ ಹೇಳಿದರು. ಅದು ಅವರ ಅಣ್ಣನ ಹೆಸರು. ಅಣ್ಣನು ಶಾಲೆಯ ಉಪಾಧ್ಯಾಯ. ಕನ್ನಡಕ ಹಾಕುತ್ತಿದ್ದನಂತೆ.

ವಾಚಕರಲ್ಲಿ ಬಹುಮಂದಿಗೆ ಆ ಚರಿತ್ರೆ ತಿಳಿದಿರಬಹುದು. 1975ನೆಯ ಏಪ್ರಿಲ್ 17ರಿಂದ 1979ನೆಯ ಜನವರಿ 7ರವರೆಗೆ ಪೋಲ್ ಪೋಟನ ಕಡೆಯವರು ಆ ದೇಶವನ್ನಾಳಿದರು. ಪಟ್ಟಣಗಳನ್ನು ಬರಿದು ಮಾಡಿ ಜನರನ್ನು ಹೊಲಗಳಿಗೆ ಅಟ್ಟಿದರು. ಶಾಲೆಗಳನ್ನೂ ವಿಹಾರಗಳನ್ನೂ ಮುಚ್ಚಿದರು. ಕೊಲೆ, ಹಸಿವು, ರೋಗಗಳಿಂದ ಸತ್ತವರ ಸಂಖ್ಯೆ ಹದಿನೈದರಿಂದ ಇಪ್ಪತ್ತು ಲಕ್ಷವೆಂದು ಅಂದಾಜು. ಓದಿದವರೆಂದರೆ ಸಾಕು, ಶತ್ರುಗಳು. ನಾವು ಬಂದಿಳಿದ ಹೊಸತರಲ್ಲಿ ನೋಮ್ ಪೆನ್ನಿನ ತುವೋಲ್ ಸ್ಲೆಂಗ್ ನೋಡಿದ್ದೆವು. ಅದು ಪ್ರೌಢಶಾಲೆಯಾಗಿದ್ದ ಕಟ್ಟಡ. ತರಗತಿಗಳೊಳಗೆ ಇಟ್ಟಿಗೆಯ ಗೋಡೆಯೆಬ್ಬಿಸಿ ಸೆರೆಯ ಗೂಡುಗಳನ್ನಾಗಿ ಮಾಡಿದ್ದರು. ಅದರ ಅಧಿಕಾರಿಯಾಗಿದ್ದ ದುಯಿಚ್ ಎಂಬವನು ಮೊದಲು 'ಗಣಿತದ ಉಪಾಧ್ಯಾಯ'. 2010ರಲ್ಲಿ ಅಪರಾಧಿಯೆಂದು ತೀರ್ಪಾಗಿ 2020ರಲ್ಲಿ ಸತ್ತನು. ಪೋಲ್ ಪೋಟನೂ ಖಾಸಗಿ ಶಾಲೆಯೊಂದರಲ್ಲಿ ಕೆಲವು ಕಾಲ ಪಾಠ ಹೇಳಿದವನೇ. ಇಬ್ಬರೂ ಹುಟ್ಟಿದುದು ಇದೇ ಕಂಪೊಂಗ್ ಥೋಮ್ ಪ್ರಾಂತ್ಯದಲ್ಲಿ. ನಮ್ಮ ವೃತ್ತಿಯವರನ್ನು ಕೊಂದವರಲ್ಲಿ ನಮ್ಮ ವೃತ್ತಿಯವರೇ ಇದ್ದರೆಂಬುದನ್ನು ನಾವು ಆ ದಿನ ಜೋಲಿಯ ಪಕ್ಕದಲ್ಲಿ ಕುಳಿತು ಯೋಚಿಸಿದೆವು. ಈಗಲೂ ಯೋಚಿಸುತ್ತೇವೆ.

1977ರಲ್ಲಿ ಒಂದು ಸಂಜೆ ಅಣ್ಣನನ್ನು ‘ಓದಿಸಲು’ ಎಂದು ಹೇಳಿ ಕರೆದೊಯ್ದರಂತೆ. ಕರೆದೊಯ್ದವರು ಅದೇ ಸೀಮೆಯ ಹುಡುಗರು. ಮರಳಿ ಬರಲಿಲ್ಲ. ದಿನ ಗೊತ್ತಿಲ್ಲ, ಸ್ಥಳ ಗೊತ್ತಿಲ್ಲ. ನಮ್ಮಲ್ಲಿ ಸತ್ತ ತಿಥಿ ತಿಳಿಯದವರಿಗೆಲ್ಲ ಮಹಾಲಯದ ಅಮಾವಾಸ್ಯೆಯಂದು ಶ್ರಾದ್ಧ ಮಾಡುವರೆಂದು ನಾವು ಹೇಳಿದೆವು. ಮೊಮ್ಮಗಳು ಅದನ್ನು ತಿಳಿಸಿದಳು. ಯೇಯ್ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮಲ್ಲಿಯೂ ದಿನ ತಿಳಿಯದವರು ಇರುವರೇ?” ಎಂದರು. “ಇರುವರು, ಹೊಳೆಯಲ್ಲಿ ಹೋದವರು, ಯುದ್ಧಕ್ಕೆ ಹೋದವರು, ಮನೆ ಬಿಟ್ಟು ಹೋದವರು.” “ಹಾಗಾದರೆ ಅದೊಂದು ದಿನ ಇಟ್ಟದ್ದು ಒಳ್ಳೆಯದು” ಎಂದು ಎದ್ದು ಒಲೆಗೆ ಸೌದೆ ಹಾಕಿದರು.

ಅಕ್ಟೋಬರ್ 2ರಂದು ಅಮಾವಾಸ್ಯೆ. ಊರಿನಲ್ಲಿ ನಮ್ಮ ತಮ್ಮನು ತಂದೆಯವರ ಮಹಾಲಯವನ್ನು ನಡೆಸುತ್ತಿದ್ದನು. ಹಿರಿಯ ಮಗನಾದ ನಾವು ಸಮುದ್ರದಾಚೆ. ಅದನ್ನು ಯಾರಿಗೂ ಹೇಳಿಕೊಂಡಿರಲಿಲ್ಲ. ಆ ದಿನ ವತ್‌ನಲ್ಲಿ ಪ್ರತಿಯೊಂದು ಮನೆಯವರೂ ತಮ್ಮ ಮೃತರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಕೊಡುವರು. ‘ಆಚಾರ್’ ಓದುವನು. ಆಚಾರ್ ಎಂದರೆ ನಮ್ಮ ಆಚಾರ್ಯ ಶಬ್ದವೇ. ಆದರೆ ಅವನು ಭಿಕ್ಷುವಲ್ಲ, ಗೃಹಸ್ಥ. ಅನಂತರ ಭಿಕ್ಷುಗಳು ಪಾಳಿಯಲ್ಲಿ ಪಠಿಸುವರು. ಯೇಯ್ ತಮ್ಮ ಚೀಟಿಯನ್ನು ನಮ್ಮ ಮುಂದೆ ಹಿಡಿದು, ಮೇಲುಗಡೆ ಬಿಟ್ಟಿದ್ದ ಖಾಲಿ ಸ್ಥಳವನ್ನು ಬೆರಳಿನಿಂದ ತೋರಿಸಿದರು. ನಮಗೆ ಮಾತು ಹೊರಡಲಿಲ್ಲ. ತಂದೆಯವರ ಹೆಸರನ್ನೂ ತಾಯಿಯವರ ಹೆಸರನ್ನೂ ಹೇಳಿದೆವು. ನೇಕ್ ಕ್ರೂ ಪಕ್ಕದಲ್ಲಿ ಕುಳಿತು, ಒಂದೊಂದು ಅಕ್ಷರವನ್ನೂ ಎರಡೆರಡು ಸಲ ಕೇಳಿ, ಒತ್ತಕ್ಷರಕ್ಕೆ ಪಾದ ಹಾಕಿ, ತಮ್ಮ ಲಿಪಿಯಲ್ಲಿ ಬರೆದರು.

ಆಚಾರ್ ಓದತೊಡಗಿದನು. ನಮ್ಮ ತಂದೆಯವರ ಹೆಸರಿನ ಮೊದಲನೆಯ ಅಕ್ಷರ ಗಕಾರ. ಅವನ ಬಾಯಿಯಲ್ಲಿ ಅದು ‘ಕೋ’ ಎಂದು ಹೊರಟಿತು. ನೇಕ್ ಕ್ರೂ ತಿರುಗಿ ನಮ್ಮ ಮುಖ ನೋಡಿದರು. ನಾವು ಜೋಡಿಸಿದ ಕೈಗಳನ್ನು ಮೂಗಿನ ಮಟ್ಟಕ್ಕೆ ಎತ್ತಿಕೊಂಡು ಕುಳಿತಿದ್ದೆವು. ಅದರ ಮುಂದಿನದು ತಾಯಿಯವರ ಹೆಸರು. ಅದಾದ ಮೇಲೆ ಯೇಯ್ ಅವರ ಅಣ್ಣನ ಹೆಸರು.